ಕೆರೆ ಮೀನಿನ ಸಾರಿಗೆ ಮಣ್ಣಿನ ವಾಸನೆ ಬರದಂತೆ, ತುಂಡು ಒಡೆಯದಂತೆ ಮಾಡೋದು ಹೇಗೆ?

ರಜೆಗೆ ಮಾರ್ಕೋನಹಳ್ಳಿ ಡ್ಯಾಮ್ ಕಡೆ ಹೋಗಿ ಬರುವಾಗ ಮೀನು ತಂದು, ತುಮಕೂರಿನ ಮನೆಯಲ್ಲಿ ಗಂಡ ಹೆಂಡತಿ ಸೇರಿ ಸಾರು ಮಾಡಿದರೆ ಮಣ್ಣಿನ ವಾಸನೆ ಹೊಡೆಯುತ್ತೆ, ತುಂಡು ಬೇರೆ ಪುಡಿಯಾಗುತ್ತೆ, ಮಸಾಲೆ ಜಾಸ್ತಿ ಹಾಕಿದರೂ ಪ್ರಯೋಜನವಿಲ್ಲ ಅಂತ ಕೇಳಿದ್ದೀರಿ. ಮಸಾಲೆಯಿಂದ ಇದು ಹೋಗುವುದೇ ಇಲ್ಲ. ಒಲೆ ಹಚ್ಚುವ ಮೊದಲೇ ಸಾರಿನ ಹಣೆಬರಹ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತೆ.

ಮೊದಲು ವಾಸನೆ ಯಾವುದು ಅಂತ ಗುರುತಿಸಿಕೊಳ್ಳಿ. ನೀಚು ವಾಸನೆಯಾದರೆ ಮೀನು ಹಳೆಯದು, ಇಲ್ಲವೇ ರಕ್ತ ಸರಿಯಾಗಿ ತೊಳೆದಿಲ್ಲ. ಮಳೆ ಬಿದ್ದ ನೆಲದಂಥ ವಾಸನೆಯಾದರೆ ಅದು ಜಿಯೋಸ್ಮಿನ್ ಎಂಬ ವಸ್ತುವಿನದು. ಕೆರೆಯ ನೀಲಿ-ಹಸಿರು ಪಾಚಿ ಅದನ್ನು ನೀರಿಗೆ ಬಿಡುತ್ತೆ. ಮೀನು ಕಿವಿರಿನ ಮೂಲಕ ಹೀರಿಕೊಂಡು ಕೊಬ್ಬಿನಲ್ಲಿ ಇಟ್ಟುಕೊಳ್ಳುತ್ತೆ. ಅದಕ್ಕೇ ಮೀನಿಗಿಂತ ಮೊದಲು ನೀರು ನೋಡಿ. ಬೇಸಿಗೆಯಲ್ಲಿ ನೀರು ಇಳಿದು ಹಸಿರುಗಟ್ಟಿದ ಕೆರೆಯ ಮೀನಿಗೆ ವಾಸನೆ ಜಾಸ್ತಿ, ಮಳೆಗಾಲದಲ್ಲಿ ಹೊಸ ನೀರು ತುಂಬಿದ ಮೇಲೆ ಕಡಿಮೆ. ಕೊಬ್ಬು ಹೆಚ್ಚಿರುವ ಹೊಟ್ಟೆಯ ತುಂಡಿನಲ್ಲೇ ಅದು ಎದ್ದು ಕಾಣುತ್ತೆ.

ಗಾಳ ಹಾಕುವವರಾದರೆ ಒಂದು ಮಾತು. ಕೆರೆಗಳ ಮೀನನ್ನು ಸಾಮಾನ್ಯವಾಗಿ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ, ಕೇಳದೆ ಗಾಳ ಬಿಡಬೇಡಿ. ಜಿಲೇಬಿ ಮೀನಿನ ಬಾಯಿ ಸಣ್ಣದು, 8 ಅಥವಾ 10ನೇ ನಂಬರ್ ಕೊಕ್ಕೆಗೆ ಎರೆಹುಳದ ತುಂಡು ಸಾಕು. ರೋಹು, ಕಟ್ಲಾಗೆ ಕಡ್ಲೇಕಾಯಿ ಹಿಂಡಿ ಮತ್ತು ರಾಗಿ ಹಿಟ್ಟು ಕಲಸಿದ ಉಂಡೆ. ಸ್ವಲ್ಪ ಮೈದಾ ಸೇರಿಸದಿದ್ದರೆ ನೀರಿಗೆ ಬಿದ್ದ ಕೂಡಲೇ ಕರಗಿಹೋಗುತ್ತೆ.

ಮೀನು ಹಿಡಿದಿರಲಿ, ಕೊಂಡಿರಲಿ, ಅಲ್ಲೇ ಹೊಟ್ಟೆ ಸೀಳಿ ಕರುಳು ತೆಗೆಸಿ. ಪ್ಲಾಸ್ಟಿಕ್ ಕವರಿಗೆ ಗಂಟು ಹಾಕಿ ಕಾರಿನ ಡಿಕ್ಕಿಯಲ್ಲಿ ಇಟ್ಟು ಬಂದರೆ ಆಮೇಲೆ ಯಾವ ಅಡುಗೆಯೂ ಅದನ್ನು ಸರಿಮಾಡದು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಒಂದು ಕೆಜಿ ಮೀನಿಗೆ ಒಂದು ಕೆಜಿ ಐಸ್, ಕೆಳಗೂ ಮೇಲೂ. ಕರಗಿದ ನೀರು ಹೊರಗೆ ಹೋಗಲು ತೂತು ಇರಲಿ. ಆ ನೀರಲ್ಲಿ ನೆನೆದ ಮಾಂಸ ಮೆತ್ತಗಾಗುತ್ತೆ, ನಿಮ್ಮ ತುಂಡು ಪುಡಿಯಾಗುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಕರುಳು ತೆಗೆಯುವಾಗ ಹಸಿರು ಪಿತ್ತದ ಚೀಲ ಒಡೆಯಬಾರದು, ಒಡೆದರೆ ತಾಗಿದ ಜಾಗವೆಲ್ಲ ಕಹಿ. ಆ ಪಿತ್ತವನ್ನು ಔಷಧಿ ಅಂತ ಹಸಿಯಾಗಿ ನುಂಗುವವರಿದ್ದಾರೆ. ದಯವಿಟ್ಟು ಯಾರಿಗೂ ನುಂಗಲು ಬಿಡಬೇಡಿ. ರೋಹು, ಹುಲ್ಲುಗೆಂಡೆಯಂಥ ಮೀನಿನ ಪಿತ್ತದಿಂದ ಕಿಡ್ನಿ ಕೆಟ್ಟವರಿದ್ದಾರೆ.

ಮನೆಗೆ ಬಂದ ಮೇಲೆ ಹುರುಪೆ ಕೆರೆದು, ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಉಗುರಿನಿಂದ ಕಿತ್ತು, ಬೆನ್ನುಮೂಳೆಗೆ ಅಂಟಿದ ಹೆಪ್ಪುಗಟ್ಟಿದ ರಕ್ತವನ್ನು ಚಾಕುವಿನ ಮೊನೆಯಿಂದ ಗೀರಿ ತೆಗೆಯಿರಿ. ತಲೆ ಹಾಕುವುದಾದರೆ ಕಿವಿರು ಪೂರ್ತಿ ಹೋಗಬೇಕು. ಬಹಳ ಜನ ಮರೆಯುವುದು ಗಂಟಲ ಹಲ್ಲು: ಕಟ್ಲಾ, ರೋಹು ಜಾತಿಗೆ ಕಿವಿರಿನ ಹಿಂದೆ ಗಂಟಲಲ್ಲಿ ಹಲ್ಲಿರುತ್ತೆ, ಕೆಸರು ಕೂತಿರುವುದು ಅಲ್ಲೇ. ಅದನ್ನು ಕತ್ತರಿಸಿ ಎಸೆದರೆ ತಲೆಯ ಸಾರಿನ ರುಚಿಯೇ ಬೇರೆ.

ತುಂಡು ಒಂದು ಇಂಚು ದಪ್ಪ ಇರಲಿ, ತೆಳ್ಳಗಾದಷ್ಟೂ ಒಡೆಯುತ್ತೆ. ಒಂದು ಕೆಜಿ ಮೀನಿಗೆ ಎರಡು ಚಮಚ ಕಲ್ಲುಪ್ಪು ಹಾಕಿ ಉಜ್ಜಿ ತೊಳೆಯಿರಿ. ಆಮೇಲೆ ನಿಂಬೆ ಗಾತ್ರದ ಹುಣಸೆಯ ಗಟ್ಟಿ ರಸ, ಅರ್ಧ ಚಮಚ ಅರಿಶಿನ ಸವರಿ 15-20 ನಿಮಿಷ ಬಿಡಿ. ಜಿಯೋಸ್ಮಿನ್ ಹುಳಿಗೆ ಒಡೆದು ವಾಸನೆ ಕಳೆದುಕೊಳ್ಳುತ್ತೆ, ಈ ಹೊತ್ತಿನ ಕೆಲಸ ಅದೇ. ನಿಂಬೆರಸವೂ ಆದೀತು, ಆದರೆ ಅರ್ಧ ಗಂಟೆ ಮೀರಿದರೆ ಮಾಂಸ ಬೆಳ್ಳಗಾಗಿ ಉದುರುತ್ತೆ; ನಾವು ಹುಣಸೆಯನ್ನೇ ನೆಚ್ಚುತ್ತೇವೆ. ಎರಡು ನೀರಲ್ಲಿ ತೊಳೆದು, ನೀರು ಪೂರ್ತಿ ಬಸಿದು, ಒಂದು ಚಮಚ ಉಪ್ಪು ಸವರಿ ಇಟ್ಟರೆ ತುಂಡು ಗಟ್ಟಿಯಾಗುತ್ತೆ. ಸಾರಿಗೆ ಉಪ್ಪು ಹಾಕುವಾಗ ಇದು ನೆನಪಿರಲಿ.

ಒಬ್ಬರು ಮೀನಿನ ಕೆಲಸದಲ್ಲಿರುವಾಗ ಇನ್ನೊಬ್ಬರು ಖಾರ ರುಬ್ಬಲಿ. ಒಂದು ದಪ್ಪ ಈರುಳ್ಳಿಯನ್ನು ಸಿಪ್ಪೆ ಸಮೇತ ಉರಿಯಲ್ಲಿ ಸುಟ್ಟು, ಕಪ್ಪಾದ ಸಿಪ್ಪೆ ಸುಲಿದುಕೊಳ್ಳಿ. ಅದರ ಜೊತೆ ಒಂದು ಗೆಡ್ಡೆ ಬೆಳ್ಳುಳ್ಳಿ, ಎರಡು ಟೊಮೆಟೊ, ಒಂದು ಹಿಡಿ ತೆಂಗಿನ ತುರಿ, ಒಂದು ಚಮಚ ಹುರಿಗಡಲೆ, ಎರಡು ದೊಡ್ಡ ಚಮಚ ಧನಿಯಾ ಪುಡಿ, ಒಂದೂವರೆ ದೊಡ್ಡ ಚಮಚ ಅಚ್ಚಖಾರದ ಪುಡಿ, ಅರ್ಧರ್ಧ ಚಮಚ ಮೆಣಸು, ಜೀರಿಗೆ. ಹುರಿಗಡಲೆ ಸಾರನ್ನು ಮಂದ ಮಾಡುತ್ತೆ, ತೆಂಗಿನಕಾಯಿ ಜಾಸ್ತಿಯಾದರೆ ಸಿಹಿಯಾಗಿ ಹುಳಿ ಸತ್ತುಹೋಗುತ್ತೆ.

ನಾಲ್ಕು ಚಮಚ ಕಡ್ಲೇಕಾಯಿ ಎಣ್ಣೆಗೆ ಕಾಲು ಚಮಚ ಮೆಂತ್ಯ, ಕರಿಬೇವು. ಮೆಂತ್ಯ ಕೆಂಪಗಾದರೆ ಸಾಕು, ಕಪ್ಪಾದರೆ ಕಹಿ. ರುಬ್ಬಿದ್ದು, ಇನ್ನೊಂದು ನಿಂಬೆ ಗಾತ್ರದ ಹುಣಸೆಯ ರಸ, ಮುಕ್ಕಾಲು ಲೀಟರ್ ನೀರು ಹಾಕಿ 15-20 ನಿಮಿಷ ಕುದಿಸಿ. ಹಸಿ ಹುಳಿಯ ವಾಸನೆ ಹೋಗಿ ಎಣ್ಣೆ ಮೇಲೆ ತೇಲಬೇಕು. ಶ್ರೀನಿವಾಸಪುರದ ಕಡೆಯ ಮಾವಿನಕಾಯಿ ಸಿಗುವ ಕಾಲದಲ್ಲಿ ನಾಲ್ಕು ಹೋಳು ಹಾಕಿ, ಹುಣಸೆ ಅರ್ಧಕ್ಕೆ ಇಳಿಸಿ. ಮೀನಿನ ಸಾರಿಗೆ ಅದಕ್ಕಿಂತ ಒಳ್ಳೆಯ ಹುಳಿ ನಮಗೆ ಗೊತ್ತಿಲ್ಲ.

ಸಾರು ಪೂರ್ತಿ ಸಿದ್ಧವಾದ ಮೇಲೇ ಮೀನು. ಮೊದಲು ತಲೆ, ಮೂರು ನಿಮಿಷ ಬಿಟ್ಟು ಉಳಿದ ತುಂಡು. ಉರಿ ಸಣ್ಣಗೆ, 8-10 ನಿಮಿಷ. ಸೌಟು ಹಾಕಬೇಡಿ, ಪಾತ್ರೆಯ ಕಿವಿ ಹಿಡಿದು ಅಲ್ಲಾಡಿಸಿ. ಮಣ್ಣಿನ ಮಡಕೆಯಾದರೆ ಎರಡು ನಿಮಿಷ ಮೊದಲೇ ಒಲೆ ಆರಿಸಿ, ಅದರ ಕಾವಿಗೆ ಉಳಿದದ್ದು ಬೇಯುತ್ತೆ. ಅಲ್ಯೂಮಿನಿಯಂ ಪಾತ್ರೆ ಹುಳಿಗೆ ಒಗ್ಗುವುದಿಲ್ಲ. ಕೊತ್ತಂಬರಿ ಸೊಪ್ಪು ಹಾಕಿ ಮುಚ್ಚಿ, ಕನಿಷ್ಠ ಒಂದು ಗಂಟೆ ಬಿಟ್ಟು ಬಡಿಸಿ. ಬೆಳಿಗ್ಗೆ ಮಾಡಿದ್ದು ರಾತ್ರಿಗೆ ಇನ್ನೂ ಚೆನ್ನ.

ಮುದ್ದೆ ಜೊತೆ ಉಣ್ಣುವಾಗ ಜೋಪಾನ. ಮುದ್ದೆಯನ್ನು ಅಗಿಯದೆ ನುಂಗುತ್ತೇವೆ, ಕಟ್ಲಾ, ರೋಹು ಜಾತಿಯ ಮೀನುಗಳ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ, ಬಾಲದ ಕಡೆ ಇನ್ನೂ ಜಾಸ್ತಿ. ತುತ್ತನ್ನು ಬರೀ ಸಾರಿಗೆ ಅದ್ದಿ ನುಂಗಿ, ಮೀನನ್ನು ಬೇರೆಯಾಗಿ ಮುಳ್ಳು ಬಿಡಿಸಿ ತಿನ್ನಿ. ಮಕ್ಕಳಿದ್ದರೆ ಹೊಟ್ಟೆಯ ತುಂಡು ಕೊಡಿ, ಅಲ್ಲಿರುವುದು ದೊಡ್ಡ ಪಕ್ಕೆಮುಳ್ಳು, ಕೈಗೆ ಸುಲಭವಾಗಿ ಸಿಗುತ್ತೆ.