ಓವರ್‌ಲುಕ್ ಹೋಟೆಲಿನ ಬಾಯ್ಲರ್ ಸಿನಿಮಾದಲ್ಲಿ ಏನಾಯಿತು?

ಪ್ರಶ್ನೆ: ಸ್ಟ್ಯಾನ್ಲಿ ಕುಬ್ರಿಕ್ ಅವರ ‘ದಿ ಶೈನಿಂಗ್’ ಸಿನಿಮಾ ನೋಡಿದ ಮೇಲೆ ಸ್ಟೀಫನ್ ಕಿಂಗ್ ಅವರ ಕಾದಂಬರಿ ಓದಿದೆ. ಸಿನಿಮಾದಲ್ಲಿ ಜಾಕ್ ಹಿಮದಲ್ಲಿ ಮರಗಟ್ಟಿ ಸಾಯುತ್ತಾನೆ. ಪುಸ್ತಕದಲ್ಲಿ ಹೋಟೆಲೇ ಸ್ಫೋಟಗೊಂಡು ಸುಟ್ಟುಹೋಗುತ್ತದೆ. ಕೊನೆಯನ್ನು ಇಷ್ಟು ಬದಲಿಸಿದ್ದು ಯಾಕೆ?

ಉತ್ತರ: ಕಾರಣ ಹುಡುಕಲು ಕಾದಂಬರಿಯ ಶುರುವಿಗೇ ಹೋಗಬೇಕು. 1977ರ ಆ ಕಾದಂಬರಿಯಲ್ಲಿ ಜಾಕ್ ಟಾರೆನ್ಸ್ ಓವರ್‌ಲುಕ್ ಹೋಟೆಲಿಗೆ ಚಳಿಗಾಲದ ಕಾವಲುಗಾರನ ಕೆಲಸ ಕೇಳಲು ಬಂದ ದಿನವೇ ವಾಟ್ಸನ್ ಎಂಬಾತ ಅವನನ್ನು ನೆಲಮಾಳಿಗೆಗೆ ಕರೆದೊಯ್ದು ಹಳೆಯ ಬಾಯ್ಲರ್ ತೋರಿಸುತ್ತಾನೆ. ಅದರ ಒತ್ತಡ ತಾನಾಗಿಯೇ ಮೆಲ್ಲಗೆ ಏರುತ್ತದೆ. ಹಗಲಲ್ಲಿ 2 ಸಲ, ರಾತ್ರಿ ಮಲಗುವ ಮುಂಚೆ 1 ಸಲ ಬಂದು ಇಳಿಸಬೇಕು, ಮರೆತರೆ ಸಿಡಿಯುತ್ತದೆ. ಜಾಕ್‌ನ ಸ್ಥಿತಿಯೂ ಹಾಗೆಯೇ ಇದೆ. ಅವನು ಕುಡಿತ ಬಿಟ್ಟಿದ್ದಾನೆ. ಬರೆದ ಹಾಳೆಗಳ ಮೇಲೆ ಬಿಯರ್ ಚೆಲ್ಲಿದ ಪುಟ್ಟ ಮಗ ಡ್ಯಾನಿಯ ಕೈ ಮುರಿದಿದ್ದಾನೆ, ವಿದ್ಯಾರ್ಥಿಯೊಬ್ಬನನ್ನು ಹೊಡೆದು ಮೇಷ್ಟರ ಕೆಲಸ ಕಳೆದುಕೊಂಡಿದ್ದಾನೆ. ದಿನಾ ಸಿಟ್ಟು ಇಳಿಸಿಕೊಂಡೇ ಬದುಕಬೇಕಾದವನು ಅವನು. ದೆವ್ವಗಳು ತುಂಬಿದ ಹೋಟೆಲು ಅವನ ಮನಸ್ಸನ್ನು ಪೂರ್ತಿ ಹಿಡಿದುಕೊಂಡಾಗ ಬಾಯ್ಲರ್ ನೋಡುವವರೇ ಇಲ್ಲವಾಗುತ್ತಾರೆ. ಅದಕ್ಕೂ ಮುಂಚೆ ಒಂದು ಗಳಿಗೆ ಅವನೊಳಗಿನ ಅಪ್ಪ ಮೇಲೆದ್ದು ಮಗನಿಗೆ ‘ಓಡು’ ಎನ್ನುತ್ತಾನೆ. ಆ ಗಳಿಗೆಗಾಗಿಯೇ ಕಿಂಗ್ ಅಷ್ಟು ಪುಟ ಬರೆದಿದ್ದಾರೆ ಎಂದು ನಮಗೆ ಅನ್ನಿಸುತ್ತದೆ.

1980ರ ಸಿನಿಮಾದಲ್ಲೂ ಬಾಯ್ಲರ್ ಇದೆ. ಆದರೆ ಕೆಳಗೆ ಹೋಗಿ ಅದನ್ನು ನೋಡಿಕೊಳ್ಳುವವಳು ವೆಂಡಿ! ಅಲ್ಲಿದ್ದಾಗಲೇ ಅವಳಿಗೆ ಜಾಕ್ ಕೆಟ್ಟ ಕನಸು ಕಂಡು ಕಿರುಚುವುದು ಕೇಳಿಸುತ್ತದೆ. ಗಂಡನ ಜವಾಬ್ದಾರಿ ಹೆಂಡತಿಯ ಕೈಗೆ ಬಂದ ಮೇಲೆ ಬಾಯ್ಲರ್ ಸಿಡಿಯುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಕುಬ್ರಿಕ್ ಅವರ ಜಾಕ್ ಕಾರಿನಲ್ಲಿ ಬರುವಾಗಲೇ ಹೆಂಡತಿ ಮಗನ ಮಾತಿಗೆ ಹಲ್ಲು ಕಚ್ಚಿ ಉತ್ತರಿಸುವವನು. ಒಳ್ಳೆಯವನು ಮೆಲ್ಲಗೆ ಕೆಡುವ ಕಥೆ ಇದಾಗಲಿಲ್ಲ, ಆ ಪಾತ್ರ ಮಾಡಿದ ಜಾಕ್ ನಿಕೋಲ್ಸನ್ ಮೊದಲಿನಿಂದಲೇ ಹುಚ್ಚನಂತೆ ಕಾಣುತ್ತಾರೆ ಎಂಬುದು ಕಿಂಗ್ ಅವರ ಬಹುಕಾಲದ ದೂರು. ದೂರಿನಲ್ಲಿ ಹುರುಳಿದೆ. ಆದರೆ ಕಾದಂಬರಿಯ ಜಾಕ್ ಬಹುಪಾಲು ಬದುಕುವುದು ತನ್ನ ತಲೆಯೊಳಗೆ. ಕಿಂಗ್ ವಾಕ್ಯದ ನಡುವೆಯೇ ಕಂಸ ಹಾಕಿ ಅವನ ಹಳೆಯ ಕಹಿಯನ್ನು ತೂರಿಸುತ್ತಾರೆ. ಕ್ಯಾಮೆರಾಕ್ಕೆ ಆ ಅನುಕೂಲವಿಲ್ಲ. ಹಿನ್ನೆಲೆ ದನಿಯಲ್ಲಿ ಯೋಚನೆ ಓದಿಸಿದ್ದರೆ ಹೋಟೆಲಿನ ಮೌನ ಹಾಳಾಗುತ್ತಿತ್ತು. ಹಾಗಾಗಿ ಕುಬ್ರಿಕ್ ಮತ್ತು ಅವರೊಂದಿಗೆ ಚಿತ್ರಕಥೆ ಬರೆದ ಡಯಾನ್ ಜಾನ್ಸನ್ ಪುಸ್ತಕದಲ್ಲಿಲ್ಲದ ಒಂದು ದೃಶ್ಯ ಬರೆದರು: ಜಾಕ್ ವಾರಗಟ್ಟಲೆ ಟೈಪ್ ಮಾಡಿದ ಕಟ್ಟಿನ ತುಂಬ ಒಂದೇ ವಾಕ್ಯ. ನೂರಾರು ಪುಟದ ಒಳಮಾತಿಗೆ ಇದಕ್ಕಿಂತ ಒಳ್ಳೆಯ ಬದಲಿ ಸಿಗುವುದು ಕಷ್ಟ.

ಪ್ರಶ್ನೆ: ಪುಸ್ತಕದಲ್ಲಿ ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳು ಜೀವ ತಳೆಯುತ್ತವೆ. ಸಿನಿಮಾದಲ್ಲಿ ಅದರ ಬದಲು ಬೇಲಿಗಿಡಗಳ ಚಕ್ರವ್ಯೂಹವೇಕೆ?

ಉತ್ತರ: ಕಾದಂಬರಿಯಲ್ಲಿ ಆ ಗಿಡಗಳು ನೋಡುತ್ತಿರುವಾಗ ಕದಲುವುದಿಲ್ಲ. ಬೆನ್ನು ತಿರುಗಿಸಿದಾಗ ಹತ್ತಿರ ಬಂದಿರುತ್ತವೆ. ಓದುವಾಗ ಬೆವರಿಳಿಸುವ ಈ ಉಪಾಯ ತೆರೆಯ ಮೇಲೆ ನಿಲ್ಲುವುದು ಕಷ್ಟ, ಎಲೆಯ ಸಿಂಹ ನಡೆದದ್ದು ಕಂಡೊಡನೆ ಭಯ ಅರ್ಧ ಇಳಿಯುತ್ತದೆ. 1980ರ ತಂತ್ರಗಳಲ್ಲಂತೂ ಅದು ನಂಬುವಂತೆ ಬರುತ್ತಿರಲಿಲ್ಲ. 1997ರಲ್ಲಿ ಕಿಂಗ್ ತಾವೇ ಚಿತ್ರಕಥೆ ಬರೆದು, ಮಿಕ್ ಗ್ಯಾರಿಸ್ ನಿರ್ದೇಶಿಸಿದ 3 ಭಾಗಗಳ ಟೀವಿ ಧಾರಾವಾಹಿಯಲ್ಲಿ ಗಿಡಗಳನ್ನು ಕಂಪ್ಯೂಟರಿನಲ್ಲಿ ನಡೆಸಿದರು. ಪುಸ್ತಕಕ್ಕೆ ಅಷ್ಟು ನಿಷ್ಠವಾದ ಆ ಧಾರಾವಾಹಿಯ ಅತಿ ದುರ್ಬಲ ಜಾಗ ಅದೇ.

ಚಕ್ರವ್ಯೂಹಕ್ಕೆ ಇನ್ನೊಂದು ಲಾಭವಿತ್ತು. ಹೊತ್ತು ನಡೆದರೂ ಚಿತ್ರ ಕುಲುಕದಂತೆ ಕ್ಯಾಮೆರಾ ಹಿಡಿಯುವ, ಆಗಷ್ಟೇ ಬಳಕೆಗೆ ಬಂದಿದ್ದ ಸ್ಟೆಡಿಕ್ಯಾಮ್ ಎಂಬ ಸಾಧನವನ್ನು ಅದನ್ನು ರೂಪಿಸಿದ ಗ್ಯಾರೆಟ್ ಬ್ರೌನ್ ಅವರೇ ಇಲ್ಲಿ ನಡೆಸಿದರು. ಹುಡುಗನ ಮೂರು ಗಾಲಿಯ ಸೈಕಲ್ಲಿನ ಹಿಂದೆ, ನೆಲಕ್ಕೆ ಹತ್ತಿರವಾಗಿ ಕ್ಯಾಮೆರಾ ಸಾಗುವಾಗ ಶಬ್ದಕ್ಕೆ ಕಿವಿಗೊಡಿ: ಮರದ ನೆಲದ ಮೇಲೆ ಗಡಗಡ, ಜಮಖಾನೆಯ ಮೇಲೆ ಮೌನ. ಹೋಟೆಲಿನ ಓಣಿಗಳೇ ಚಕ್ರವ್ಯೂಹವಾಗುವುದು ಹೀಗೆ. ಕೊನೆಗೆ ಡ್ಯಾನಿ ತನ್ನದೇ ಹೆಜ್ಜೆಗುರುತಿನ ಮೇಲೆ ಹಿಂದೆ ಹೆಜ್ಜೆಯಿಟ್ಟು ಪಾರಾಗುವಾಗ, ಒಳಗಿನ ದಾರಿಗಳನ್ನು ಅಷ್ಟು ದಿನ ಸುತ್ತಿದ ಹುಡುಗನಿಗೆ ಅದು ಸಲ್ಲುತ್ತದೆ.

ಪ್ರಶ್ನೆ: ಪುಸ್ತಕದಲ್ಲಿ ದೆವ್ವವಿರುವ 217ನೇ ಕೋಣೆ ಸಿನಿಮಾದಲ್ಲಿ 237 ಆಗಿದ್ದೇಕೆ?

ಉತ್ತರ: ಹೊರಾಂಗಣಕ್ಕೆ ಬಳಸಿದ ಒರೆಗಾನಿನ ಟಿಂಬರ್‌ಲೈನ್ ಲಾಡ್ಜ್‌ನವರು ಕೇಳಿಕೊಂಡದ್ದರಿಂದ. 217ರಲ್ಲಿ ಆಮೇಲೆ ಯಾರೂ ಉಳಿಯಲಿಕ್ಕಿಲ್ಲ ಎಂಬ ಅಳುಕು ಅವರಿಗೆ. 237 ಎಂಬ ಕೋಣೆ ಅಲ್ಲಿಲ್ಲ. ಕಿಂಗ್ ಅವರಿಗೆ 217 ಸಿಕ್ಕಿದ್ದು ಕೊಲರಾಡೊದ ಸ್ಟ್ಯಾನ್ಲಿ ಹೋಟೆಲಿನಲ್ಲಿ, 1974ರಲ್ಲಿ ಅವರು ತಂಗಿದ್ದ ಕೋಣೆ ಅದು.

ಪ್ರಶ್ನೆ: ಸಿನಿಮಾದ ವೆಂಡಿ ಬರೀ ಅಳುತ್ತಾಳಲ್ಲ?

ಉತ್ತರ: ಕಾದಂಬರಿಯ ವೆಂಡಿ ವಿಚ್ಛೇದನದ ಬಗ್ಗೆ ಗಂಭೀರವಾಗಿ ಯೋಚಿಸಿದ್ದವಳು, ಗಂಡನ ಬೆನ್ನಿಗೆ ಚಾಕು ಹಾಕುವವಳು. ಅವಳ ಮುಂದೆ ಸಿನಿಮಾದವಳು ಸಣ್ಣವಳಾಗಿ ಕಾಣುವುದು ನಿಜ. ಆದರೂ ಗಂಡನನ್ನು ಹೊಡೆದು ಬೀಳಿಸಿ ಉಗ್ರಾಣಕ್ಕೆ ಎಳೆದು ಬೀಗ ಹಾಕುವವಳು ಅವಳೇ. ಮೊದಲಿಗೆ ಡಾಕ್ಟರಮ್ಮನೊಂದಿಗೆ ಮಾತಾಡುವ ದೃಶ್ಯ ಗಮನಿಸಿ. ಕುಡಿದ ಗಂಡ ಮಗನ ಭುಜದ ಕೀಲು ತಪ್ಪಿಸಿದ್ದನ್ನು ಅವಳು ನಗುತ್ತಲೇ ಹೇಳುತ್ತಾಳೆ, ಕೈಯಲ್ಲಿ ಸಿಗರೇಟಿನ ಬೂದಿ ಉದ್ದವಾಗುತ್ತಿದ್ದರೂ ಕೊಡವುವುದಿಲ್ಲ. ವೆಂಡಿಯ ಪಾತ್ರ ಮಾಡಿದ ಶೆಲ್ಲಿ ಡುವಾಲ್ ವರ್ಷಗಳ ಮುಚ್ಚುಮರೆಯನ್ನು ಆ ಬೂದಿಯಲ್ಲಿ ತೋರಿಸಿದ್ದಾರೆ.

ಈ ದೃಶ್ಯ ಎಲ್ಲ ಪ್ರತಿಗಳಲ್ಲೂ ಇಲ್ಲ. ಅಮೆರಿಕದ ಪ್ರತಿ 144 ನಿಮಿಷ, ಯೂರೋಪಿಗೆ ಕತ್ತರಿಸಿದ್ದು 119 ನಿಮಿಷ. ಕತ್ತರಿ ಬಿದ್ದದ್ದು ಡಾಕ್ಟರಮ್ಮನ ಈ ದೃಶ್ಯಕ್ಕೂ ಸೇರಿ. ನೋಡುವ ಮುಂಚೆ ಅವಧಿ ಪರೀಕ್ಷಿಸಿ, ಪುಸ್ತಕದ ಜೊತೆ ಹೋಲಿಸಲು 144 ನಿಮಿಷದ್ದೇ ಬೇಕು.

ಪ್ರಶ್ನೆ: ಮೊದಲು ಯಾವುದು? ಪೂರ್ತಿ ಓದಲು ಸಮಯವಿಲ್ಲದಿದ್ದರೆ?

ಉತ್ತರ: ಪುಸ್ತಕ ಮೊದಲು. ಸಿನಿಮಾ ನೋಡಿದವರಿಗೆ ಓದುವಾಗ ನಿಕೋಲ್ಸನ್ ಮುಖವೇ ಕಾಣುತ್ತದೆ, ಜಾಕ್‌ಗಾಗಿ ಮರುಗುವುದು ಕಷ್ಟವಾಗುತ್ತದೆ. ಕಾದಂಬರಿ 5 ಭಾಗಗಳಲ್ಲಿದೆ. ಸಮಯ ಕಡಿಮೆಯಿದ್ದರೆ ಮೂರನೆಯ ಭಾಗದ ಕಣಜದ ಗೂಡಿನ ಪ್ರಸಂಗ ಬಿಡಬೇಡಿ. ಛಾವಣಿ ರಿಪೇರಿಯಲ್ಲಿ ಸಿಕ್ಕ ಗೂಡಿಗೆ ಜಾಕ್ ಔಷಧಿ ಹೊಡೆದು, ಹುಳುಗಳು ಸತ್ತವೆಂದು ಮಗನಿಗೆ ಉಡುಗೊರೆ ಕೊಡುತ್ತಾನೆ. ರಾತ್ರಿ ಅವು ಎದ್ದು ಹುಡುಗನನ್ನು ಕಚ್ಚುತ್ತವೆ. ಕುಬ್ರಿಕ್ ಇದನ್ನು ಪೂರ್ತಿ ಬಿಟ್ಟರು, ಅದು ನಮಗೆ ಇಂದಿಗೂ ಬೇಸರದ ಸಂಗತಿ.

ಎರಡನ್ನೂ ಮುಗಿಸಿದ ಮೇಲೆ ಮೈಕ್ ಫ್ಲಾನಗನ್ ಅವರ 2019ರ ‘ಡಾಕ್ಟರ್ ಸ್ಲೀಪ್’ ನೋಡಿ. ದೊಡ್ಡವನಾದ ಡ್ಯಾನಿ ಅಲ್ಲಿ ಓವರ್‌ಲುಕ್‌ಗೆ ಹಿಂತಿರುಗುತ್ತಾನೆ, ಹೋಟೆಲು ಈ ಸಲ ಬಾಯ್ಲರ್‌ನ ಬೆಂಕಿಗೇ ಬಲಿಯಾಗುತ್ತದೆ.