ರೂಮ್‌ಮೇಟ್ ಕಾಪಿ ಹೊಡೆಯುತ್ತಾನೆ ಅಂತ ಗೊತ್ತಾದರೆ ಹೇಳಬೇಕಾ?

ನೀವು ತುಮಕೂರಿನಲ್ಲಿ ಬಿ.ಕಾಂ. ಕೊನೇ ವರ್ಷ. ರೂಮ್‌ಮೇಟ್ ಕಾಸ್ಟಿಂಗ್ (ತಯಾರಿಕೆ ಖರ್ಚಿನ ಲೆಕ್ಕ) ಪೇಪರ್‌ಗೆ ಮೈಕ್ರೋ ಜೆರಾಕ್ಸ್, ಅಂದರೆ ಸಣ್ಣ ಅಕ್ಷರದ ಕಾಪಿ ಚೀಟಿ, ಮಾಡಿಸಿಟ್ಟಿದ್ದಾನೆ. ಇನ್ನೊಬ್ಬ, 500 ರೂಪಾಯಿ ಕೊಟ್ಟರೆ ಹಿಂದಿನ ರಾತ್ರಿಯೇ ಪ್ರಶ್ನೆಪತ್ರಿಕೆ ವಾಟ್ಸಾಪ್ ಮಾಡ್ತೀನಿ ಅಂತ ಕ್ಲಾಸಿನವರಿಗೆಲ್ಲ ಮೆಸೇಜ್ ಹಾಕಿದ್ದಾನೆ. ಪರೀಕ್ಷೆಗೆ ಇನ್ನು 9 ದಿನ. ಹೇಳಬೇಕಾ, ಸುಮ್ನಿರಬೇಕಾ ಅಂತ ಕೇಳಿದ್ದೀರಿ.

ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಪೇಪರ್ ಮಾರುವವನ ವಿಷಯ ಇವತ್ತೇ ಹೇಳಿ.

ನಾನು 2016ರಲ್ಲಿ ಸೆಕೆಂಡ್ ಪಿಯುಸಿ ಬರೆದವಳು. ಮಾರ್ಚ್ 21ಕ್ಕೆ ಕೆಮಿಸ್ಟ್ರಿ ಬರೆದೆವು. ಪೇಪರ್ ಲೀಕ್ ಆಗಿದೆ ಅಂತ ಪರೀಕ್ಷೆ ರದ್ದಾಯಿತು. ಮಾರ್ಚ್ 31ಕ್ಕೆ ಮತ್ತೆ ಇಟ್ಟರು. ಅವತ್ತು ಬೆಳಗ್ಗೆ ಅಪ್ಪನ ಜೊತೆ ಕೊರಟಗೆರೆಯಿಂದ ಬಸ್ ಹತ್ತಿದ್ದೆ. ದಾರಿಯಲ್ಲೇ ಯಾರದೋ ಫೋನಿಗೆ ಸುದ್ದಿ ಬಂತು. ಮತ್ತೆ ಲೀಕ್, ಇವತ್ತೂ ಪರೀಕ್ಷೆ ಇಲ್ಲ. ನನ್ನ ತೊಡೆ ಮೇಲೆ ಹಾಲ್ ಟಿಕೆಟ್ ಇದ್ದ ಪ್ಲಾಸ್ಟಿಕ್ ಕವರ್ ಇತ್ತು. ಅಪ್ಪ ಅದನ್ನು ತಗೊಂಡು, ಮಡಿಕೆ ಬೀಳದ ಹಾಗೆ ಸುತ್ತಿ, ಅಂಗಿ ಜೇಬಿಗೆ ಇಟ್ಟುಕೊಂಡರು. ಒಂದು ಮಾತೂ ಆಡಲಿಲ್ಲ. ಅವತ್ತಿನ ಕೂಲಿ ಬಿಟ್ಟು ಬಂದಿದ್ದರು. ಕೊನೆಗೆ ಬರೆದದ್ದು ಏಪ್ರಿಲ್ 12ಕ್ಕೆ. ಸಿಇಟಿಗೆ ಓದಬೇಕಿದ್ದ ದಿನಗಳೆಲ್ಲ ಇದರಲ್ಲೇ ಹೋದವು. ಆ ಪೇಪರ್ ದಾಟಿ ಬಂದ ಕೈಗಳಲ್ಲಿ ಒಬ್ಬರಾದರೂ ಮೊದಲೇ ಬಾಯಿ ಬಿಡಬಾರದಿತ್ತಾ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಅವನ ಹತ್ತಿರ ನಿಜವಾದ ಪೇಪರ್ ಇಲ್ಲದೆಯೂ ಇರಬಹುದು, ಬರೀ ದುಡ್ಡು ಹೊಡೆಯೋ ಆಟ ಇರಬಹುದು. ಅದನ್ನು ಪತ್ತೆ ಮಾಡೋದು ನಿಮ್ಮ ಕೆಲಸ ಅಲ್ಲ. ಸಾಕ್ಷಿಗೆ ಅಂತಲೂ ದುಡ್ಡು ಕೊಡಬೇಡಿ. ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ಪ್ರಿನ್ಸಿಪಾಲರಿಗೆ ಖುದ್ದಾಗಿ ತೋರಿಸಿ. ನನ್ನ ಹೆಸರು ಹೊರಗೆ ಬರಬಾರದು ಅಂತ ಬಾಯಿಬಿಟ್ಟು ಕೇಳಿ.

ರೂಮ್‌ಮೇಟ್ ವಿಷಯ ಬೇರೆ. ಮೊದಲು ಅವನ ಹತ್ತಿರವೇ ಮಾತಾಡಿ. ಪಿಯುಸಿ ಆದಮೇಲೆ ನಾನೂ ಬಿ.ಕಾಂ.ಗೇ ಬಂದೆ. ನನ್ನ ಹಿಂದಿನ ಬೆಂಚಿನ ಹುಡುಗ ಒಂದು ದಿನ ಗೇಟಿನ ಹತ್ತಿರ ನಿಂತು ಚೀಟಿಯನ್ನು ತೋಳಿನ ಮಡಿಕೆಗೆ ಸೇರಿಸುತ್ತಿದ್ದ. ರಾಗಿ ಕಾಳಿನಷ್ಟು ಅಕ್ಷರ, ಬೆರಳಗಲದ ಕಾಗದ. ನೋಡಿದೆ, ನಮಗ್ಯಾಕೆ ಅಂತ ಒಳಗೆ ಹೋದೆ. ಕಾಪಿ ಹಿಡಿಯುವ ಸ್ಕ್ವಾಡ್ ಬಂತು, ಸಿಕ್ಕಿಬಿದ್ದ. ಮಾರನೇ ದಿನ ಅವನ ಅಮ್ಮ ಆಫೀಸಿನ ಬಾಗಿಲಲ್ಲಿ ಮಧ್ಯಾಹ್ನದವರೆಗೂ ನಿಂತಿದ್ದರು. ಗೇಟಿನ ಹತ್ತಿರವೇ 'ಬೇಡ ಕಣೋ, ಬಿಸಾಕು' ಅಂದಿದ್ದರೆ ಅರ್ಧ ನಿಮಿಷ ಹಿಡಿಯುತ್ತಿತ್ತು.

ನೀವೂ ಹುಷಾರು. 'ಸ್ವಲ್ಪ ತೋರಿಸೋ' ಅಂದ ಅಂತ ಉತ್ತರ ಪತ್ರಿಕೆ ತೋರಿಸಿದರೆ ಇಬ್ಬರ ಮೇಲೂ ಕೇಸ್ ಬರೆಯುತ್ತಾರೆ. ಇಲ್ಲ ಅಂತ ಈಗಲೇ ಹೇಳಿಬಿಡಿ. ಅಷ್ಟಾದರೂ ಕೇಳದೆ ಚೀಟಿ ಒಯ್ದರೆ, ಹೆಸರು ಹೇಳದೆ, 'ಕೂರಿಸುವ ಮೊದಲು ಎಲ್ಲರನ್ನೂ ಸರಿಯಾಗಿ ಚೆಕ್ ಮಾಡಿ ಸರ್' ಅಂತ ಪರೀಕ್ಷೆ ರೂಮಿನ ಮೇಲ್ವಿಚಾರಕರಿಗೆ ಹೇಳಿ.

ಅದರಲ್ಲೂ ಕಾಸ್ಟಿಂಗ್‌ಗೆ ಚೀಟಿ ಯಾತಕ್ಕೆ ಆಗುತ್ತೆ ಹೇಳಿ? ಲೆಕ್ಕದ ಅಂಕಿಗಳೇ ಬೇರೆ ಇರುತ್ತವಲ್ಲ. ಇವತ್ತು ಸಂಜೆ ಅಮಾನಿಕೆರೆ ಕಡೆ ಕರ್ಕೊಂಡು ಹೋಗಿ ಇದನ್ನೇ ಹೇಳಿ. ರಾತ್ರಿ ಕೂತು, ಖರ್ಚನ್ನು ಹಂತಹಂತವಾಗಿ ಕೂಡಿಸುವ ಕಾಸ್ಟ್ ಶೀಟ್ ಶುರು ಮಾಡಿ. ಪ್ರೈಮ್ ಕಾಸ್ಟ್, ವರ್ಕ್ಸ್ ಕಾಸ್ಟ್, ಕಾಸ್ಟ್ ಆಫ್ ಪ್ರೊಡಕ್ಷನ್, ಕಾಸ್ಟ್ ಆಫ್ ಸೇಲ್ಸ್, ಈ ವರಸೆ ಕೈಗೆ ಹತ್ತಲು ಎರಡು ರಾತ್ರಿ ಸಾಕು. ನಿಮಗೆ 9 ಇವೆ.