ಅಂಡಮಾನ್ ಪ್ರವಾಸ: ಹ್ಯಾವ್‌ಲಾಕಿನ ಯಾವ ದಡದಲ್ಲಿ ಉಳಿಯಬೇಕು?

ನೀವು ಕೇಳಿರುವುದು ಇಷ್ಟು: ಜನವರಿಯಲ್ಲಿ ಬೆಂಗಳೂರಿನಿಂದ ಅಂಡಮಾನಿಗೆ ಆರು ರಾತ್ರಿಗಳ ಪ್ರವಾಸ, ಜೊತೆಯಲ್ಲಿ ಏಳು ವರ್ಷದ ಮಗಳು ಮತ್ತು ಮಂಡಿನೋವಿರುವ ಅತ್ತೆಯವರು, ಹ್ಯಾವ್‌ಲಾಕ್ ದ್ವೀಪದಲ್ಲಿ ರಾಧಾನಗರದ ಕಡೆ ಉಳಿಯಬೇಕೋ ವಿಜಯನಗರದ ಕಡೆಯೋ, ಸಮುದ್ರ ಕಾಣುವ ಕೋಣೆಗೆ ಹೆಚ್ಚು ಹಣ ಕೊಡಬಹುದೋ ಬೇಡವೋ. ನನ್ನ ಅಭಿಪ್ರಾಯದಲ್ಲಿ ನೀವು ನಾಲ್ಕು ರಾತ್ರಿಗಳನ್ನು ಹ್ಯಾವ್‌ಲಾಕಿನ ಪೂರ್ವ ದಡದಲ್ಲಿ, ಅಂದರೆ ಗೋವಿಂದನಗರ ಮತ್ತು ವಿಜಯನಗರದ ನಡುವೆ ಕಳೆಯುವುದು ಒಳ್ಳೆಯದು. ಮೊದಲನೆಯ ಮತ್ತು ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲಿರಲಿ. ಬುಕಿಂಗ್ ತಾಣಗಳಲ್ಲಿ ಕೋಣೆಯ ವಿಷಯ ಬೇಕಾದಷ್ಟು ಸಿಗುತ್ತದೆಯೇ ಹೊರತು ದಡದ ವಿಷಯ ಸಿಗುವುದಿಲ್ಲ. ಆದ್ದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಹೆಸರುಗಳ ವಿಷಯ, ಏಕೆಂದರೆ ಟಿಕೆಟ್ ಕಾಯ್ದಿರಿಸುವಾಗ ಗಲಿಬಿಲಿಯಾಗುತ್ತದೆ. ಹ್ಯಾವ್‌ಲಾಕಿಗೆ 2018ರಲ್ಲಿ ಸ್ವರಾಜ್ ದ್ವೀಪ ಎಂದೂ, ನೀಲ್ ದ್ವೀಪಕ್ಕೆ ಶಹೀದ್ ದ್ವೀಪ ಎಂದೂ, ಪೋರ್ಟ್ ಬ್ಲೇರಿಗೆ 2024ರಲ್ಲಿ ಶ್ರೀ ವಿಜಯ ಪುರಂ ಎಂದೂ ಹೊಸ ಹೆಸರಿಟ್ಟಿದ್ದಾರೆ. ಹಳೆಯದು ಮತ್ತು ಹೊಸದು ಎರಡೂ ಬಳಕೆಯಲ್ಲಿವೆ. ಹ್ಯಾವ್‌ಲಾಕಿನ ಕಡಲತೀರಗಳಿಗೆ ಸಂಖ್ಯೆಗಳೂ ಇವೆ: ಗೋವಿಂದನಗರ ಮೂರನೆಯ ನಂಬರ್, ವಿಜಯನಗರ ಐದನೆಯದು, ರಾಧಾನಗರ ಏಳನೆಯದು. ಆಟೋದವರೂ ಅಂಗಡಿಯವರೂ ಹೆಚ್ಚಾಗಿ ಈ ನಂಬರುಗಳಲ್ಲೇ ಮಾತನಾಡುತ್ತಾರೆ.

ಗೋಕರ್ಣ, ಮಲ್ಪೆ, ಮುರುಡೇಶ್ವರಗಳನ್ನು ನೋಡಿ ಬೆಳೆದ ನಮಗೆ ಸಮುದ್ರವೆಂದರೆ ಸೂರ್ಯ ಮುಳುಗುವ ಕಡೆ ಎಂಬ ಅಭ್ಯಾಸವಾಗಿಬಿಟ್ಟಿದೆ. ದ್ವೀಪಕ್ಕೆ ನಾಲ್ಕೂ ಕಡೆ ದಡವಿರುತ್ತದೆ, ಒಂದೊಂದು ದಡದ ಸ್ವಭಾವವೂ ಬೇರೆ. ಪಶ್ಚಿಮಕ್ಕೆ ಮುಖ ಮಾಡಿರುವ ರಾಧಾನಗರದಲ್ಲಿ ಅಗಲವಾದ ಬಿಳಿ ಮರಳು, ಅಲೆಗಳು, ಸೂರ್ಯಾಸ್ತ ಎಲ್ಲವೂ ಇವೆ. 2020ರಲ್ಲಿ ಭಾರತದ ಎಂಟು ಕಡಲತೀರಗಳಿಗೆ ಮೊದಲ ಬಾರಿ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛತೆ ಮತ್ತು ಸುರಕ್ಷತೆಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ದೊರೆತಾಗ ನಮ್ಮ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡಿನ ಜೊತೆಗೆ ರಾಧಾನಗರವೂ ಆ ಪಟ್ಟಿಯಲ್ಲಿತ್ತು. ಅದನ್ನು ನೋಡದೆ ಬರುವ ಮಾತೇ ಇಲ್ಲ. ಆದರೆ ಅಲ್ಲಿ ಉಳಿಯುವ ಜಾಗಗಳು ಕಡಿಮೆ, ಇರುವವುಗಳಲ್ಲಿ ಕೆಲವು ಬಹಳ ದುಬಾರಿ. ರೆಸಾರ್ಟಿನ ಊಟ ಬೇಡವೆನಿಸಿದರೆ ಹತ್ತಿರದಲ್ಲಿ ಆಯ್ಕೆಯೂ ಹೆಚ್ಚಿಲ್ಲ. ಪೂರ್ವ ದಡ ಜೆಟ್ಟಿಗೂ, ಮೂರನೆಯ ನಂಬರಿನ ಪೇಟೆಗೂ ಹತ್ತಿರ. ಔಷಧಿ ಅಂಗಡಿ, ಎಟಿಎಂ, ಸಸ್ಯಾಹಾರದ ಊಟ ಯಾವುದು ಬೇಕಾದರೂ ಹೆಚ್ಚು ದೂರ ಹೋಗಬೇಕಾಗಿಲ್ಲ. ಹಿರಿಯರೂ ಮಕ್ಕಳೂ ಇರುವ ಕುಟುಂಬಕ್ಕೆ ಇದು ಸಣ್ಣ ಅನುಕೂಲವಲ್ಲ. ಅಲ್ಲಿಂದ ರಾಧಾನಗರಕ್ಕೆ ಟ್ಯಾಕ್ಸಿಯಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಎರಡು ಸಂಜೆ ಹೋಗಿ ಬಂದರೆ ಮನಸ್ಸು ತುಂಬುತ್ತದೆ.

ಆದರೆ ಪೂರ್ವ ದಡವನ್ನು ಆರಿಸಿಕೊಳ್ಳುವವರು ಉಬ್ಬರವಿಳಿತವನ್ನು ಚೆನ್ನಾಗಿ ಅರ್ಥಮಾಡಿಕೊಂಡಿರಬೇಕು. ಅಲ್ಲಿನ ಸಮುದ್ರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ವಿಜಯನಗರದ ಮುಂದಿನ ನೆಲ ಬಹು ದೂರದವರೆಗೆ ಆಳವಿಲ್ಲದ ಹವಳದ ಹಾಸು. ನನ್ನ ತಾಯಿಯವರ ಜೊತೆ ಅಲ್ಲಿ ಉಳಿದಿದ್ದಾಗ, ಬೆಳಿಗ್ಗೆ ದಡದ ಮರಗಳ ಬೇರಿಗೆ ತಾಗುತ್ತಿದ್ದ ತಿಳಿಹಸಿರು ನೀರು ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಬಹಳ ಹಿಂದಕ್ಕೆ ಸರಿದಿತ್ತು. ಲಂಗರು ಹಾಕಿದ್ದ ದೋಣಿಯೊಂದು ಮರಳಿನ ಮೇಲೆ ಒಂದು ಮಗ್ಗುಲಿಗೆ ವಾಲಿಕೊಂಡಿತ್ತು; ಕಲ್ಲುಗಳ ನಡುವೆ ನಿಂತ ನೀರಿನಲ್ಲಿ ಬೆರಳುದ್ದದ ಮೀನುಗಳು ಓಡಾಡುತ್ತಿದ್ದವು, ಕಡಲ ಸೌತೆ ಎಂಬ ಕಪ್ಪನೆಯ ಮೆತ್ತಗಿನ ಪ್ರಾಣಿಗಳು ಅಲುಗಾಡದೆ ಬಿದ್ದಿದ್ದವು, ಅಷ್ಟು ಹೊತ್ತು ಬರಿಯ ಶಂಖವೆಂದುಕೊಂಡಿದ್ದದ್ದು ಕಾಲು ಹೊರಚಾಚಿ ನಡೆದುಹೋಯಿತು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಆದರೆ ಆ ಹೊತ್ತಿನಲ್ಲಿ ಈಜಲು ಆಗುವುದಿಲ್ಲ. ಸತ್ತ ಹವಳದ ಅಂಚು ಕಾಲನ್ನು ಸೀಳುವುದರಿಂದ ಬರಿಗಾಲಿನಲ್ಲಿ ಹೋಗಲೂಬಾರದು. ನೀರು ಏರಿರುವಾಗ ಮಾತ್ರ ಅದೇ ಜಾಗ ಅಲೆಗಳಿಲ್ಲದ, ತಿಳಿಯಾದ, ಮಗುವಿನ ಎದೆಮಟ್ಟದ ಕೊಳದಂತಿರುತ್ತದೆ. ನಿಮ್ಮ ಮಗಳಿಗೆ ರಾಧಾನಗರದ ಅಲೆಗಳಿಗಿಂತ ಇದು ಹಿತ.

ಹೋಟೆಲಿನವರು ಹಾಕುವ ಚಿತ್ರಗಳಲ್ಲಿ ಬಹುಪಾಲು ನೀರು ತುಂಬಿರುವಾಗ ತೆಗೆದವು. ಆದ್ದರಿಂದ ಜಾಗ ಆರಿಸುವ ಮೊದಲು ಗೂಗಲ್ ನಕ್ಷೆಯ ಉಪಗ್ರಹ ಚಿತ್ರವನ್ನು ತೆರೆದು ನೋಡಿ: ಮರಳಿನ ಪಕ್ಕದಲ್ಲೇ ನೀಲಿ ಶುರುವಾದರೆ ಯಾವ ಹೊತ್ತಿನಲ್ಲಾದರೂ ನೀರಿಗಿಳಿಯಬಹುದಾದ ದಡ, ಮರಳಿಗೂ ನೀಲಿಗೂ ನಡುವೆ ಕಂದು-ಹಸಿರು ಬಣ್ಣದ ಅಗಲವಾದ ಪಟ್ಟಿ ಕಂಡರೆ ಅದು ಇಳಿತದಲ್ಲಿ ಬಯಲಾಗುವ ಹವಳದ ಹಾಸು. ಆಮೇಲೆ ಮನೆಯ ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳನ್ನು ಗುರುತಿಸಿಕೊಳ್ಳಿ. ಆ ದಿನಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಅಲ್ಲಿ ತಲುಪಿದ ಮೇಲೆ ಮರುದಿನದ ಉಬ್ಬರ ಎಷ್ಟು ಹೊತ್ತಿಗೆ ಎಂದು ರೆಸಾರ್ಟಿನವರನ್ನೋ ಡೈವಿಂಗ್ ಅಂಗಡಿಯವರನ್ನೋ ಕೇಳಿ, ಈಜುವ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಸಮುದ್ರ ಕಾಣುವ ಕೋಣೆಯ ವಿಷಯ. ಅಂಡಮಾನ್ ನಮಗಿಂತ ಎಷ್ಟೋ ಪೂರ್ವದಲ್ಲಿದ್ದರೂ ಗಡಿಯಾರ ಒಂದೇ. ಹಾಗಾಗಿ ಜನವರಿಯಲ್ಲಿ ಅಲ್ಲಿ ಸಂಜೆ ಐದೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಆರಕ್ಕೆ ಕತ್ತಲು. ಹಗಲೆಲ್ಲ ನೀವು ಹೊರಗೇ ಇರುತ್ತೀರಿ, ಕೋಣೆಗೆ ಮರಳುವ ಹೊತ್ತಿಗೆ ಕಿಟಕಿಯಾಚೆ ಏನೂ ಕಾಣುವುದಿಲ್ಲ. ಅದರ ಬದಲು, ಅದೇ ರೆಸಾರ್ಟಿನಲ್ಲಿ ತೆಂಗಿನ ತೋಟದ ಕಡೆಗಿರುವ, ಮೆಟ್ಟಿಲು ಹತ್ತಬೇಕಿಲ್ಲದ ಕೋಣೆಯನ್ನು ಕೇಳಿ ಪಡೆಯಿರಿ. ನಿಮ್ಮ ಅತ್ತೆಯವರು ನಾಲ್ಕು ಹೆಜ್ಜೆ ನಡೆದು ದಡದಲ್ಲಿ ಕುರ್ಚಿ ಹಾಕಿಕೊಂಡು ಕೂರಬಹುದಾದರೆ, ಅದು ಎತ್ತರದ ಬಾಲ್ಕನಿಗಿಂತ ಸಾವಿರ ಪಾಲು ಮೇಲು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಅಂಟಿಕೊಂಡಿರುವ ಕೋಣೆಗಳು ಮಾತ್ರ ಬೇಡ. ಮುಂಜಾನೆ, ಮುಸ್ಸಂಜೆಗಳಲ್ಲಿ ಮರಳು ನೊಣಗಳ ಕಾಟ ಸಹಿಸುವುದು ಕಷ್ಟ, ಅದರ ಕಡಿತದ ತುರಿಕೆ ದಿನಗಟ್ಟಲೆ ಬಿಡುವುದಿಲ್ಲ. ಅಂಡಮಾನಿನ ತೊರೆ-ಕೊಲ್ಲಿಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ ಎಂಬುದನ್ನೂ ನೆನಪಿಡಿ. ಎಚ್ಚರಿಕೆಯ ಫಲಕವಿರುವ ಕಡೆ, ತೊರೆ ಕಡಲು ಸೇರುವ ಕಡೆ ಮಗುವನ್ನು ನೀರಿಗೆ ಬಿಡಬೇಡಿ.

ನೀಲ್ ದ್ವೀಪದಲ್ಲೂ ಒಂದು ರಾತ್ರಿ ಉಳಿಯಿರಿ ಎಂದು ಟ್ರಾವೆಲ್ಸ್‌ನವರು ಖಂಡಿತ ಹೇಳುತ್ತಾರೆ. ಅದು ಸುಂದರವಾದ, ಶಾಂತವಾದ ಜಾಗವೇ. ಆದರೆ ದ್ವೀಪ ಬದಲಾಯಿಸಿದಾಗಲೆಲ್ಲ ಪೆಟ್ಟಿಗೆ ಕಟ್ಟುವುದು, ಜೆಟ್ಟಿಯಲ್ಲಿ ಮುಂಚಿತವಾಗಿ ಹೋಗಿ ಕಾಯುವುದು, ಸಾಮಾನು ಹೊತ್ತು ಫೆರಿ ಹತ್ತಿ ಇಳಿಯುವುದು, ಇಷ್ಟರಲ್ಲಿ ಅರ್ಧ ದಿನ ಕಳೆದುಹೋಗುತ್ತದೆ. ಅಲ್ಲಿನ ಪ್ರಸಿದ್ಧ ಕಲ್ಲುಸೇತುವೆಯನ್ನು ನೋಡಲು ಇಳಿತದಲ್ಲಿ ಜಾರುವ ಕಲ್ಲುಗಳ ಮೇಲೆ ನಡೆಯಬೇಕು. ಮಂಡಿನೋವಿರುವವರಿಗೆ ಅದು ಆಗದ ಕೆಲಸ.

ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರಬೇಕೆಂಬುದನ್ನು ಮಾತ್ರ ಯಾವ ಕಾರಣಕ್ಕೂ ಸಡಿಲಿಸಬೇಡಿ. ಹ್ಯಾವ್‌ಲಾಕಿನಿಂದ ಖಾಸಗಿ ಫೆರಿಯಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿಯಾದರೂ, ಗಾಳಿ ಎದ್ದರೆ ಫೆರಿ ರದ್ದಾಗುತ್ತದೆ. ಅದೇ ದಿನ ವಿಮಾನವಿದ್ದರೆ ಬೇರೆ ದಾರಿಯೇ ಇರುವುದಿಲ್ಲ. ಅಬರ್ಡೀನ್ ಪೇಟೆಯ ಸುತ್ತಮುತ್ತ ಕೋಣೆ ಹಿಡಿದರೆ ಸೆಲ್ಯುಲರ್ ಜೈಲು ಹತ್ತಿರ, ವಿಮಾನ ನಿಲ್ದಾಣವೂ ದೂರವಲ್ಲ.

ಬುಕ್ ಮಾಡುವಾಗ ಮೊದಲು ವಿಮಾನ, ಆಮೇಲೆ ಫೆರಿ, ಕೊನೆಗೆ ಕೋಣೆ ಎಂಬ ಕ್ರಮವಿರಲಿ, ಏಕೆಂದರೆ ಜನವರಿಯಲ್ಲಿ ಫೆರಿಯ ಸೀಟುಗಳು ಬೇಗ ತುಂಬುತ್ತವೆ. ಹಣ ಕಟ್ಟುವ ಮುನ್ನ ರೆಸಾರ್ಟಿಗೆ ಒಮ್ಮೆ ನೇರವಾಗಿ ಫೋನ್ ಮಾಡಿ ಕೆಲವನ್ನು ಕೇಳಿಕೊಳ್ಳಿ: ಕೋಣೆಗೆ ಎಷ್ಟು ಮೆಟ್ಟಿಲು, ಕರೆಂಟ್ ಹೋದಾಗ ಜನರೇಟರ್ ಎಸಿಗೂ ಸಾಲುತ್ತದೆಯೋ ಅಥವಾ ದೀಪ, ಫ್ಯಾನ್‌ಗಳಿಗೆ ಮಾತ್ರವೋ, ಜೆಟ್ಟಿಯಿಂದ ಕರೆದೊಯ್ಯಲು ಗಾಡಿ ಕಳುಹಿಸುತ್ತಾರೋ, ಇಳಿತದಲ್ಲಿ ಮುಂದಿನ ದಡದಲ್ಲಿ ಮರಳಿರುತ್ತದೋ ಕಲ್ಲೋ. ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರಲ್ಲಿ ಬುಕ್ ಮಾಡಿ.